ವ್ಯಕ್ತಿ-ಕೇಂದ್ರಿತ ಆಪ್ತಸಮಾಲೋಚನೆ

ವ್ಯಕ್ತಿ-ಕೇಂದ್ರಿತ ಆಪ್ತಸಮಾಲೋಚನೆಯು ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ (1902–1987) ರೂಪಿಸಿದ ಮನಶ್ಚಿಕಿತ್ಸಾ ಪದ್ಧತಿ. ತಕ್ಕ ವಾತಾವರಣ ದೊರೆತರೆ ಮನುಷ್ಯನು ತನ್ನ ಸಂಕಟವನ್ನು ತಾನೇ ಅರಿತು ದಾರಿ ಕಂಡುಕೊಳ್ಳಬಲ್ಲನೆಂಬುದು ಇದರ ಮೂಲ ನಂಬಿಕೆ. ಆದ್ದರಿಂದ ಸಮಾಲೋಚಕರು ಇಲ್ಲಿ ಬುದ್ಧಿವಾದ ಹೇಳುವುದಿಲ್ಲ; ಯಾವ ವಿಷಯ ಮಾತನಾಡಬೇಕೆಂಬುದನ್ನು ಬಂದವರೇ ನಿರ್ಧರಿಸುತ್ತಾರೆ.

ಹಿನ್ನೆಲೆ

ರೋಜರ್ಸ್ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ಮಕ್ಕಳ ಮಾರ್ಗದರ್ಶನ ಕಾರ್ಯದಲ್ಲಿ ತೊಡಗಿದ್ದಾಗ, ಹಟಮಾರಿ ಹುಡುಗನೊಬ್ಬನ ತಾಯಿಗೆ ಆಕೆಯ ವರ್ತನೆಯೇ ಸಮಸ್ಯೆಯ ಮೂಲವೆಂದು ಮನಗಾಣಿಸಲು ಹಲವು ಭೇಟಿಗಳಲ್ಲಿ ಯತ್ನಿಸಿ ಸೋತರು. ಭೇಟಿಗಳನ್ನು ನಿಲ್ಲಿಸಲು ಇಬ್ಬರೂ ಒಪ್ಪಿದ ಮೇಲೆ, ಬಾಗಿಲವರೆಗೆ ಹೋದ ಆಕೆ ತಿರುಗಿ, ದೊಡ್ಡವರಿಗೂ ಸಮಾಲೋಚನೆ ನೀಡುವಿರಾ ಎಂದು ಕೇಳಿದಳು. ಮರಳಿ ಕುಳಿತು ತನ್ನ ದಾಂಪತ್ಯದ ನೋವನ್ನು ಹೇಳಿಕೊಂಡಳು. ನಿಜವಾದ ಚಿಕಿತ್ಸೆ ಆರಂಭವಾದುದು ಆಗಲೇ ಎಂದು ರೋಜರ್ಸ್ ಮುಂದೆ ಬರೆದರು. 1942ರ ಪುಸ್ತಕದಲ್ಲಿ ಈ ವಿಧಾನವನ್ನು ‘ನಿರ್ದೇಶನರಹಿತ’ ಎಂದೂ, 1951ರಲ್ಲಿ ‘ಕ್ಲೈಂಟ್-ಕೇಂದ್ರಿತ’ ಎಂದೂ ಕರೆದರು. ‘ರೋಗಿ’ ಎಂಬ ಪದವನ್ನು ಬಿಟ್ಟದ್ದು ಉದ್ದೇಶಪೂರ್ವಕ. ಶಿಕ್ಷಣ, ಗುಂಪು ಚಟುವಟಿಕೆಗಳಿಗೂ ಹಬ್ಬಿದ ಮೇಲೆ ಈಗಿನ ಹೆಸರು ರೂಢಿಗೆ ಬಂದಿತು.

ಮುಖ್ಯ ತತ್ತ್ವಗಳು

ಬದಲಾವಣೆಗೆ ಅಗತ್ಯವಾದ ಆರು ಷರತ್ತುಗಳನ್ನು ರೋಜರ್ಸ್ 1957ರ ಲೇಖನದಲ್ಲಿ ಮಂಡಿಸಿದರು. ಅವುಗಳಲ್ಲಿ ಮೂರು ಪ್ರಸಿದ್ಧವಾಗಿವೆ: ಸಮಾಲೋಚಕರು ಮುಖವಾಡವಿಲ್ಲದೆ ಪ್ರಾಮಾಣಿಕರಾಗಿರುವುದು, ಬಂದವರನ್ನು ಬೇಷರತ್ತಾಗಿ ಗೌರವಿಸುವುದು, ಅವರ ಅನುಭವವನ್ನು ಅವರ ದೃಷ್ಟಿಯಿಂದಲೇ ಅರಿಯುವ ಪರಾನುಭೂತಿ. ಕೇಳಿದ ಮಾತನ್ನು ಗಿಳಿಯಂತೆ ಮರಳಿ ಒಪ್ಪಿಸುವುದೇ ಈ ವಿಧಾನವೆಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ವಾಸ್ತವವಾಗಿ ಸಮಾಲೋಚಕರು ತಾವು ಗ್ರಹಿಸಿದ್ದು ಸರಿಯೇ ಎಂದು ಪದೇ ಪದೇ ಪರೀಕ್ಷಿಸಿಕೊಳ್ಳುತ್ತಾರೆ. ತಪ್ಪಿದ್ದರೆ ತಿದ್ದುವ ಅಧಿಕಾರ ಬಂದವರದೇ.

ಯಾರಿಗೆ ಸೂಕ್ತ

ಅಗಲಿಕೆಯ ದುಃಖ, ಸಂಬಂಧಗಳ ಬಿರುಕು, ಕೀಳರಿಮೆ, ಪರರ ನಿರೀಕ್ಷೆಗೆ ತಕ್ಕಂತೆ ಬದುಕಿ ಬಳಲಿದ ಭಾವ ಇರುವವರಿಗೆ ಈ ಪದ್ಧತಿ ಹೊಂದಬಹುದು. ಖಿನ್ನತೆಗೂ ಇದನ್ನು ಬಳಸಲಾಗುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳಲ್ಲಿ ಇದರ ಫಲ ಅರಿವಿನ ವರ್ತನಾ ಚಿಕಿತ್ಸೆಗಿಂತ ಕಡಿಮೆಯಿರಲಿಲ್ಲ. ಹನ್ನೆರಡು ತಿಂಗಳ ಹೊತ್ತಿಗೆ ಮಾತ್ರ ಎರಡನೆಯದು ಮುಂದಿತ್ತು.

ಹಿರಿಯರಂತೆ ಯಾರಾದರೂ ದಾರಿ ತೋರಿಸಲೆಂದು ಬಂದವರಿಗೆ ಮೊದಲ ಭೇಟಿಗಳು ನಿರಾಸೆ ತರಬಹುದು. ನಿರ್ದಿಷ್ಟ ವಸ್ತುವಿನ ವಿಪರೀತ ಭಯ, ಗೀಳು ಕಾಯಿಲೆ ಮುಂತಾದವುಗಳಿಗೆ ಹಂತಹಂತದ ಅಭ್ಯಾಸಗಳುಳ್ಳ ವರ್ತನಾ ಚಿಕಿತ್ಸೆಗಳನ್ನೇ ಸಾಮಾನ್ಯವಾಗಿ ಮೊದಲು ಸೂಚಿಸಲಾಗುತ್ತದೆ. ವಿಸ್ಕಾನ್ಸಿನ್‌ನಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳ ನಡುವೆ ಸ್ವತಃ ರೋಜರ್ಸ್ ನಡೆಸಿದ ಪ್ರಯೋಗವೂ ನಿರೀಕ್ಷಿತ ಫಲ ನೀಡಲಿಲ್ಲ. ತೀವ್ರ ಖಿನ್ನತೆ, ಭ್ರಮೆಗಳು ಅಥವಾ ಆತ್ಮಹತ್ಯೆಯ ಆಲೋಚನೆ ಇದ್ದಲ್ಲಿ ಮನೋವೈದ್ಯರ ಆರೈಕೆ ಅಗತ್ಯ; ಆಪ್ತಸಮಾಲೋಚನೆಯು ಅದರ ಜೊತೆಗೆ ನಡೆಯಬಹುದೇ ಹೊರತು ಅದಕ್ಕೆ ಬದಲಿಯಾಗದು.