ಕಿರಿಯರಿಗೂ ಹಿರಿಯ ಸಂಕಲ್ಪ

ಮನುಷ್ಯನಾಗಿ ಹುಟ್ಟಿದವನು ಬಾಳಿಗೊಂದು ಗುರಿಯನ್ನಿರಿಸಿಕೊಳ್ಳಬೇಕೆಂಬ ಮಾತನ್ನು ಎಲ್ಲರೂ ಆಡುತ್ತಾರೆ. ಆದರೆ ಆ ಗುರಿ ಎಷ್ಟು ಎತ್ತರದ್ದಾಗಿರಬೇಕು, ಅದನ್ನಿರಿಸಿಕೊಳ್ಳುವ ಅಧಿಕಾರ ಯಾರಿಗುಂಟು ಎಂಬ ಪ್ರಶ್ನೆ ಬಂದಾಗ ನಮ್ಮ ಜನರ ಧ್ವನಿ ಕುಗ್ಗುತ್ತದೆ. ದೊಡ್ಡ ಸಂಕಲ್ಪಗಳು ದೊಡ್ಡವರಿಗೆ ಮೀಸಲು. ಕುಷ್ಟಗಿ ಯಲಬುರ್ಗಿಗಳಲ್ಲಿ ಮಳೆಯನ್ನೇ ನಂಬಿ ಬಿತ್ತುವ ಮನೆಯ ಮಕ್ಕಳಿಗೆ ಹೊಟ್ಟೆ ತುಂಬಿದರೆ ಸಾಕು ಎಂಬ ಭಾವನೆ ಬಲವಾಗಿ ಬೇರೂರಿದೆ. ಈ ಭಾವನೆಗೆ ಉತ್ತರವನ್ನು ದೂರದಲ್ಲಿ ಅರಸಬೇಕಾಗಿಲ್ಲ. 2200 ವರ್ಷಗಳಿಗೂ ಹಿಂದೆಯೇ ಅದನ್ನು ನಮ್ಮ ಕೊಪ್ಪಳದ ಬಂಡೆಯ ಮೇಲೆ ಕೊರೆದಿಡಲಾಗಿದೆ.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಇರುವ ಅಶೋಕನ ಶಾಸನಗಳು 1931ರಲ್ಲಿ ವಿದ್ವಾಂಸರ ಗಮನಕ್ಕೆ ಬಂದವು. ಮರುವರ್ಷವೇ ಆಂಗ್ಲ ಭಾಷಾಶಾಸ್ತ್ರಜ್ಞ ಟರ್ನರ್ ಅವುಗಳ ಪಾಠವನ್ನು ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಗ್ರಂಥಮಾಲೆಯಲ್ಲಿ ಪ್ರಕಟಿಸಿದನು. ಲಿಪಿ ಬ್ರಾಹ್ಮೀ, ಭಾಷೆ ಪ್ರಾಕೃತ. ಪಾಲ್ಕಿಗುಂಡಿನ ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿವೆ. ಗವಿಮಠದ ಪಾಠವನ್ನು ಮಾತ್ರ ಚೆನ್ನಾಗಿ ಓದಬಹುದಾಗಿದೆ. ಇವುಗಳಲ್ಲಿ ಅರಸನ ಹೆಸರಿಲ್ಲ. ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಇದೆ. ಈ ಬಿರುದಿನವನು ಅಶೋಕನೇ ಎಂಬುದನ್ನು ಸ್ಥಿರಪಡಿಸಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನ. ಅಲ್ಲಿ ಬಿರುದಿನೊಡನೆ ಅಶೋಕನೆಂಬ ಹೆಸರೂ ಇದೆ.

ಶಾಸನದ ತಾತ್ಪರ್ಯವಿಷ್ಟು. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೇಲಾಯಿತೆಂದು ಅರಸನು ಹೇಳುತ್ತಾನೆ. ಆದರೆ ಮೊದಲು ತಾನು ತೀವ್ರವಾಗಿ ಶ್ರಮಿಸಲಿಲ್ಲವೆಂದೂ, ಸಂಘವನ್ನು ಸೇರಿ ಒಂದು ವರ್ಷಕ್ಕೂ ಮೇಲಾಗಿದ್ದು ಅಲ್ಲಿಂದೀಚೆಗೆ ದೃಢವಾಗಿ ಶ್ರಮಿಸುತ್ತಿರುವೆನೆಂದೂ ಸೇರಿಸುತ್ತಾನೆ. ಈ ಅವಧಿಯಲ್ಲಿ ಜಂಬೂದ್ವೀಪದಲ್ಲಿ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಬೆರೆಯುವಂತಾಯಿತು. ಇದು ಶ್ರಮದ ಫಲ. ದೊಡ್ಡವನೊಬ್ಬನಿಗೇ ಇದು ಸಾಧ್ಯವೆಂಬುದಿಲ್ಲ, ಶ್ರಮಿಸುವ ಸಣ್ಣವನೂ ವಿಪುಲವಾದ ಸ್ವರ್ಗವನ್ನು ಪಡೆಯಬಲ್ಲನು. ಸಣ್ಣವರೂ ದೊಡ್ಡವರೂ ಶ್ರಮಿಸಲಿ, ಗಡಿಯಾಚೆಯವರೂ ಇದನ್ನರಿಯಲಿ, ಈ ಶ್ರಮ ಬಹುಕಾಲ ನಿಲ್ಲಲಿ, ಇದು ಒಂದೂವರೆಪಟ್ಟು ವೃದ್ಧಿಸುವುದು ಎಂಬುದಾಗಿ ಶಾಸನ ಮುಗಿಯುತ್ತದೆ.

ಇಲ್ಲಿ ‘ಶ್ರಮ’ವೆಂದು ನಾವು ಹೇಳಿದುದಕ್ಕೆ ಮೂಲದಲ್ಲಿರುವ ಪದ ‘ಪಕಮ’. ಸಂಸ್ಕೃತದ ಪ್ರಕ್ರಮ, ಪರಾಕ್ರಮ ಶಬ್ದಗಳ ಬಳಗಕ್ಕೆ ಸೇರಿದುದು. ಪರಾಕ್ರಮವೆಂದೊಡನೆ ನಮಗೆ ರಣರಂಗ ನೆನಪಾಗುತ್ತದೆ. ಕಳಿಂಗದ ರಣರಂಗವನ್ನು ಕಂಡಿದ್ದ ಅರಸನೇ ಆ ಬಳಗದ ಮಾತನ್ನು ತನ್ನ ಮೇಲೆ ತಾನು ನಡೆಸುವ ಪ್ರಯತ್ನಕ್ಕೆ ಬಳಸಿದನೆಂಬುದು ಸಾಮಾನ್ಯ ಸಂಗತಿಯಲ್ಲ.

ಈ ಕೆಲವೇ ಸಾಲುಗಳಲ್ಲಿ ಗುರಿಸಾಧನೆಯ ಕ್ರಮವೇ ಅಡಗಿದೆ. ಮೊದಲನೆಯದು ಲೆಕ್ಕ. ಎಷ್ಟು ಕಾಲ ಹೆಸರಿಗೆ ಮಾತ್ರ ಉಪಾಸಕನಾಗಿದ್ದೆ, ಎಷ್ಟು ಕಾಲ ನಿಜವಾಗಿ ದುಡಿದೆ ಎಂಬುದನ್ನು ಚಕ್ರವರ್ತಿಯು ಪ್ರಜೆಗಳ ಮುಂದೆ ಬೇರ್ಪಡಿಸಿ ಹೇಳುತ್ತಾನೆ. ವ್ರತ ಹಿಡಿದ ದಿನವೇ ಸಾಧನೆ ಆರಂಭವಾಯಿತೆಂದು ಭ್ರಮಿಸುವವರು ಇದನ್ನು ಮನಗಾಣಬೇಕು. ಎರಡನೆಯದು ಸಂಗ. ಒಬ್ಬನೇ ಇದ್ದಾಗ ಸಡಿಲವಾಗಿದ್ದ ಪ್ರಯತ್ನ ಸಂಘದ ಸಾನ್ನಿಧ್ಯದಲ್ಲಿ ಬಿಗಿಯಾಯಿತು. ಮೂರನೆಯದು ಪ್ರಮಾಣ. ಹೆಚ್ಚಲಿ ಎಂದಷ್ಟೇ ಹೇಳದೆ ಒಂದೂವರೆಪಟ್ಟು ಎಂದು ಅಳತೆ ಕೊಟ್ಟಿದ್ದಾನೆ. ನಾಲ್ಕನೆಯದು, ಎಲ್ಲಕ್ಕೂ ಮಿಗಿಲಾದುದು, ಸಣ್ಣವನ ಅಧಿಕಾರ. ಗುರಿಯ ಎತ್ತರವನ್ನು ನಿಶ್ಚಯಿಸುವುದು ಹುಟ್ಟಲ್ಲ, ದುಡಿಮೆ.

ಸುಮಾರು 1370 ವರ್ಷಗಳ ತರುವಾಯ ಇದೇ ಸೀಮೆಯಲ್ಲಿ ಇನ್ನೊಂದು ಸಂಕಲ್ಪ ಕಲ್ಲಾಗಿ ನಿಂತಿತು. ಹಿಂದೆ ಯಲಬುರ್ಗಿ ತಾಲೂಕಿಗೆ ಸೇರಿದ್ದು ಈಗ ಕುಕನೂರು ತಾಲೂಕಿನಲ್ಲಿರುವ ಇಟಗಿಯ ಮಹಾದೇವ ದೇವಾಲಯವನ್ನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದನು. ಶಾಸನವು ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ದಂಡನಾಯಕನಿಗೆ ರಾಜಪದವಿ ಇರಲಿಲ್ಲ; ಆದರೆ ಆತನ ಕೃತಿಗೆ ಚಕ್ರವರ್ತಿಯ ಹೆಸರು ಸಂದಿತು. ತಂದೆ ಮೂರ್ತಿನಾರಾಯಣ ಮತ್ತು ತಾಯಿ ಚಂದ್ರಲೇಶ್ವರಿಯರ ಹೆಸರಿನಲ್ಲಿಯೂ ಆತನು ಅಲ್ಲಿ ಗುಡಿಗಳನ್ನು ಎತ್ತಿಸಿದನೆಂಬುದು ಆ ಸಂಕಲ್ಪದ ಹಿಂದಿನ ಹೃದಯವನ್ನು ತೋರಿಸುತ್ತದೆ.

ಆದರೆ ಸಂಕಲ್ಪ ಒಬ್ಬನದು, ಅದನ್ನು ನೆರವೇರಿಸಿದ ಕೈಗಳು ಅನೇಕರವು. ಅಲ್ಲಿನ ಬಳಪದ ಕಲ್ಲು ಸೂಕ್ಷ್ಮ ಕೆತ್ತನೆಗೆ ಒದಗುವಂಥದು. ತೆರೆದ ಮಂಟಪದಲ್ಲಿ ಮೂಲತಃ 68 ಕಂಬಗಳಿದ್ದವು. ತಿರುಗಣಿಯಲ್ಲಿ ಕಡೆದ ಕಂಬಗಳ ನುಣುಪನ್ನು ಕಂಡವರಿಗೆ, ಒಂದೊಂದು ಏಣಿಗೂ ಒಂದೊಂದು ಬಳೆಗೂ ಎಷ್ಟು ದಿನಗಳ ತಾಳ್ಮೆ ಸಂದಿರಬಹುದೆಂಬುದು ಹೊಳೆಯದಿರದು. ‘ಸಣ್ಣವನೂ ಸಾಧಿಸಬಲ್ಲ’ ಎಂಬ ಗವಿಮಠದ ಮಾತಿಗೆ ಇಟಗಿಯ ಶಿಲ್ಪಿಗಳೇ ಸಾಕ್ಷಿ. ದೊಡ್ಡ ಗುರಿಯೆಂದರೆ ಒಂದೇ ನೆಗೆತವಲ್ಲ. ದಿನದಿನದ ಸಣ್ಣ ಕೆಲಸಗಳ ಒಟ್ಟು ಮೊತ್ತ.

ನಮ್ಮ ಕಾಲಕ್ಕೆ ಸಮೀಪದ ನಿದರ್ಶನವೂ ಉಂಟು. ಡಾ. ಸಿದ್ಧಯ್ಯ ಪುರಾಣಿಕರು 1918ರಲ್ಲಿ ಅಂದಿನ ಯಲಬುರ್ಗಿ ತಾಲೂಕಿನ ದ್ಯಾಂಪುರದಲ್ಲಿ ಜನಿಸಿದರು. ಅದು ನಿಜಾಮರ ಆಡಳಿತದ ಕಾಲ. ಉನ್ನತ ಶಿಕ್ಷಣದ ಮಾಧ್ಯಮ ಉರ್ದು. ಅದೇ ವರ್ಷ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೇ ಅವರು ವ್ಯಾಸಂಗ ಮಾಡಿದರು. ಮುಂದೆ ಉನ್ನತ ಆಡಳಿತ ಸೇವೆಯಲ್ಲಿದ್ದುಕೊಂಡೇ ‘ಕಾವ್ಯಾನಂದ’ರೆಂಬ ಹೆಸರಿನಿಂದ ಕನ್ನಡದಲ್ಲಿ ಬರೆದು, 1987ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದರು. ಕನ್ನಡಕ್ಕೆ ರಾಜಾಶ್ರಯವಿಲ್ಲದ ನೆಲದ ಹಳ್ಳಿಯ ಹುಡುಗನಿಗೆ ಈ ಎತ್ತರ ಮೊದಲೇ ಬರೆದಿಟ್ಟಿದ್ದಲ್ಲ. ಕಚೇರಿಯ ಕಡತಗಳ ನಡುವೆ ಬರವಣಿಗೆಯನ್ನು ದಶಕಗಳ ಕಾಲ ಬಿಡದೆ ನಡೆಸಿದ್ದರಿಂದ ದೊರೆತದ್ದು.

ಇಷ್ಟಾದರೂ ಒಂದು ಎಚ್ಚರಿಕೆ ಅವಶ್ಯ. ಗುರಿಯನ್ನು ಮುಟ್ಟುವುದು ಬೇರೆ, ಫಲವನ್ನು ಕಟ್ಟಿ ಹಿಡಿಯುವುದು ಬೇರೆ. ಅಶೋಕನು ತನ್ನ ಶ್ರಮ ಬಹುಕಾಲ ನಿಲ್ಲಲೆಂದು ಬಯಸಿದನು. ಆತನ ತರುವಾಯ ಸುಮಾರು ಐವತ್ತು ವರ್ಷಗಳಲ್ಲಿ ಮೌರ್ಯ ಸಾಮ್ರಾಜ್ಯವೇ ಅಳಿಯಿತು. ಕಾಲಕ್ರಮದಲ್ಲಿ ಬ್ರಾಹ್ಮೀ ಲಿಪಿಯನ್ನು ಓದಬಲ್ಲವರೂ ಇಲ್ಲದಂತಾಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸುವವರೆಗೆ ಆತನ ಬಂಡೆಗಳು ಮೂಕವಾಗಿದ್ದವು. ದೇವತೆಗಳು ಮನುಷ್ಯರೊಡನೆ ಬೆರೆತರೆಂಬ ಮಾತೂ ಅರಸನ ಸ್ವಂತ ಹೇಳಿಕೆಯೇ; ಅದರ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಫಲದ ಬಗೆಗೆ ಸಂದೇಹಕ್ಕೆ ಎಡೆಯುಂಟು. ತನ್ನ ಆಲಸ್ಯದ ಕಾಲವನ್ನು ತಾನೇ ಒಪ್ಪಿ ಎದ್ದುನಿಂತ ಪ್ರಯತ್ನಕ್ಕೆ ಮಾತ್ರ ಮರ್ಯಾದೆ ಸಲ್ಲಲೇಬೇಕು.

ಆದುದರಿಂದ ಮಠದ ಅಂಗಳದಲ್ಲಿ ಕಲಿತು ಹೊರಹೋದ ಶಿಷ್ಯವರ್ಗಕ್ಕೂ, ಮಕ್ಕಳನ್ನು ಓದಿಗೆ ಕಳಿಸಿರುವ ಸದ್ಭಕ್ತರಿಗೂ ನಾವು ಹೇಳಬಯಸುವುದಿಷ್ಟೆ. ಗಂಗಾವತಿಯ ಕಾಲುವೆಯ ಬಯಲಿನವರಾಗಲಿ, ಕುಷ್ಟಗಿಯ ಒಣನೆಲದವರಾಗಲಿ, ಮಗುವೊಂದು ದೊಡ್ಡ ಗುರಿಯನ್ನು ಬಾಯಿಬಿಟ್ಟು ಹೇಳಿದಾಗ ನಕ್ಕು ಅದರ ಬಾಯಿ ಮುಚ್ಚಿಸಬೇಡಿರಿ. ಬದಲಾಗಿ, ಎಷ್ಟು ಕಾಲದಲ್ಲಿ, ಯಾರ ಸಂಗದಲ್ಲಿ, ದಿನಕ್ಕೆ ಎಷ್ಟು ದುಡಿಮೆಯಿಂದ ಎಂದು ಕೇಳಿರಿ. ವರ್ಷ ತುಂಬಿದಾಗ ಲೆಕ್ಕವನ್ನೂ ಕೇಳಿರಿ. ಆ ಲೆಕ್ಕದಲ್ಲಿ ಒಂದು ವರ್ಷ ವ್ಯರ್ಥವಾಗಿದೆಯೆಂದು ಕಂಡುಬಂದರೆ ಮಗು ಎದೆಗುಂದುವುದು ಬೇಡ. ಚಕ್ರವರ್ತಿಯ ಲೆಕ್ಕದಲ್ಲಿಯೂ ಹಾಗೆಯೇ ಇತ್ತು. ಆತನು ಅದನ್ನು ಮರೆಮಾಚದೆ ಕಲ್ಲಿನಲ್ಲಿ ಬರೆಸಿ ಮುಂದೆ ನಡೆದನು.