ಮಂಡ್ಯ ಸೀಮೆಯ ಪೇಟೆ ವ್ಯಾಪಾರ: ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ

ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಅಂಗಡಿ, ಕಸುಬು, ಸಂತೆಗಳ ಏಳುಬೀಳನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ದಾರಿ ಮತ್ತು ನೀರು. ವ್ಯಾಪಾರಿಯ ಜಾಣ್ಮೆ ಲೆಕ್ಕಕ್ಕೆ ಬರುವುದು ಆಮೇಲೆ.

ಶ್ರೀರಂಗಪಟ್ಟಣದ ಪೇಟೆ ಅರಮನೆ ಮತ್ತು ದಂಡನ್ನು ನಂಬಿ ಬೆಳೆದದ್ದು. ದ್ವೀಪದ ಪೂರ್ವಕ್ಕೆ ಶಹರ್ ಗಂಜಾಂ ಕಟ್ಟಿಸಿದ ಟಿಪ್ಪು ಅಲ್ಲಿ ನೆಲೆಸಲು ಶಿರಾದಿಂದ 12,000 ಕುಟುಂಬಗಳನ್ನು ಕರೆತಂದನೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. 1799ರಲ್ಲಿ ಕೋಟೆ ಬಿದ್ದು ರಾಜಧಾನಿ ಮೈಸೂರಿಗೆ ಹೋದಾಗ ಗಿರಾಕಿಗಳೂ ಅದರ ಹಿಂದೆಯೇ ಹೊರಟರು. ಲಕ್ಷಕ್ಕೂ ಮಿಗಿಲಾಗಿತ್ತೆನ್ನಲಾದ ಜನಸಂಖ್ಯೆ 1800ರಲ್ಲಿ ಸುಮಾರು 32 ಸಾವಿರಕ್ಕೆ ಇಳಿದಿತ್ತು. ಉಳಿದದ್ದು ರಂಗನಾಥ ಮತ್ತು ಕಾವೇರಿ. ಇಂದಿಗೂ ಇಲ್ಲಿನ ಚಿಲ್ಲರೆ ವ್ಯಾಪಾರದ ದೊಡ್ಡ ಪಾಲು ಯಾತ್ರಿಕರದ್ದೇ: ಗಂಜಾಂನ ನಿಮಿಷಾಂಬ ಗುಡಿಯ ಹಣ್ಣುಕಾಯಿ, ಸಂಗಮದ ಹರಿಗೋಲು, ಅಸ್ಥಿ ವಿಸರ್ಜನೆಗೆಂದು ಪಶ್ಚಿಮವಾಹಿನಿಗೆ ಬರುವವರಿಗೆ ಬೇಕಾದ ಮಡಕೆ, ದರ್ಭೆ, ಹೂವು.

ಪಾಂಡವಪುರ ಹಿಂದೆ ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎಂದೂ ಕರೆಸಿಕೊಂಡಿತ್ತು. 1880ರ ದಶಕದ ಆರಂಭದಲ್ಲಿ ಬೆಂಗಳೂರು–ಮೈಸೂರು ರೈಲು ಬಂದಾಗ ನಿಲ್ದಾಣಕ್ಕೂ ಆ ಹೆಸರೇ ಬಂತು. ಆದರೆ ಊರಿಗೆ ದುಡ್ಡಿನ ಓಡಾಟ ತಂದದ್ದು ಕಬ್ಬು. ಈ ಸೀಮೆಯಲ್ಲಿ ಸಕ್ಕರೆ ಉದ್ಯಮ ಕನ್ನಂಬಾಡಿ ಕಟ್ಟೆಗಿಂತ ಹಳೆಯದು; ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ರೈತರ ಬೆಲ್ಲವನ್ನು ಸಂಸ್ಕರಿಸುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ 1847ರಲ್ಲೇ ಆರಂಭವಾಗಿತ್ತು. 1911ರಲ್ಲಿ ಕೆಲಸ ಶುರುವಾದ ಕಟ್ಟೆಯೂ ವಿಶ್ವೇಶ್ವರಯ್ಯ ನಾಲೆಯೂ ಆದಮೇಲೆ ಕಬ್ಬು ಹಬ್ಬಿತು, ಆಲೆಮನೆಗಳು ಎದ್ದವು. ಗಾಣದಿಂದ ಕಬ್ಬಿನ ಹಾಲು ಕೊಪ್ಪರಿಗೆಗೆ, ಸುಣ್ಣ ಹಾಕಿ ಕೊಳೆ ತೆಗೆದು, ಪಾಕ ಬಂದೊಡನೆ ಅಚ್ಚಿಗೆ. ಪಾಕ ಒಂದಿಷ್ಟು ತಪ್ಪಿದರೆ ಬೆಲ್ಲದ ಬಣ್ಣ ಕೆಡುತ್ತದೆ, ಮಂಡಿಯಲ್ಲಿ ರೇಟೂ ಬೀಳುತ್ತದೆ. 1950ರ ದಶಕದಲ್ಲಿ ಸ್ಥಾಪನೆಯಾದ ಪಾಂಡವಪುರ ಸಹಕಾರ ಸಕ್ಕರೆ ಕಾರ್ಖಾನೆ ನಷ್ಟಕ್ಕೆ ಸಿಕ್ಕಿ ನಿಂತು, 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಖಾಸಗಿಯವರ ಕೈಸೇರಿತು.

ಕಬ್ಬಿನ ಬಿಲ್ಲಿಗೂ ಪೇಟೆಯ ಅಂಗಡಿಗೂ ನೇರ ನಂಟು. ಬೆಳೆಗಾರನಿಗೆ ಕೈಗೆ ದುಡ್ಡು ಬರುವುದು ವರ್ಷದಲ್ಲಿ ಒಂದೆರಡು ಸಲ. ದಿನಸಿ, ಗೊಬ್ಬರ, ಮದುವೆ ಜವಳಿ ಅಷ್ಟರವರೆಗೆ ಕಾಯುವುದಿಲ್ಲ. ಹಾಗಾಗಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡಿನ ಕೆಳಗೇ ರಟ್ಟಿನ ಉದ್ರಿ ಪುಸ್ತಕ ತೆರೆದಿರುತ್ತದೆ. ಮನೆಗೊಂದು ಪುಟ, ಒಂದೇ ಹೆಸರಿನವರು ಹಲವರಿದ್ದರೆ ಹೆಸರಿನ ಮುಂದೆ ಊರೋ ಅಡ್ಡಹೆಸರೋ. ಕಾರ್ಖಾನೆ ಬಿಲ್ಲು ತಡಮಾಡಿದರೆ ಆ ಪುಟ ತೀರುವುದೂ ತಡ, ಅಂಗಡಿಯವನು ಮೈಸೂರಿನ ಸಗಟು ವ್ಯಾಪಾರಿಗೆ ಕಟ್ಟಬೇಕಾದದ್ದೂ ತಡ. ಗಿರಾಕಿಯನ್ನು ಹಿಡಿದಿಟ್ಟುಕೊಳ್ಳಲು ಉದ್ರಿಗಿಂತ ಗಟ್ಟಿಯಾದ ಜಾಹೀರಾತು ಈ ಊರುಗಳಲ್ಲಿ ಹುಟ್ಟಿಲ್ಲ. ಅಂಗಡಿ ಮುಳುಗಿಸುವುದೂ ಅನೇಕ ಸಲ ಅದೇ.

ಕೃಷ್ಣರಾಜಪೇಟೆ 1891ರವರೆಗೆ ಅತ್ತಿಗುಪ್ಪೆ. ತೆಂಡೇಕೆರೆಯ ಸಂತೆ, ಹೇಮಗಿರಿಯ ದನಗಳ ಜಾತ್ರೆ ಇದೇ ತಾಲ್ಲೂಕಿನವು. ಸಂತೆ ತಲುಪದ ಮನೆಗೆ ಹೊತ್ತು ಮಾರುವವರು ತಲುಪುತ್ತಿದ್ದರು. ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ (1942) ಹೆಸರಾಗಿಸಿದ ಬಳೆಗಾರ ಚೆನ್ನಯ್ಯ ಅಂಥವನೇ. ತವರಿನ ಸುದ್ದಿಯನ್ನೂ ಹೊತ್ತು ತರುವವನಿಗೆ ಬಾಗಿಲು ತೆರೆಯದ ಮನೆ ಯಾವುದು? ತಾಲ್ಲೂಕಿನ ಇನ್ನೊಂದು ವಿಶೇಷ ಮುಂಬಯಿಯ ನಂಟು. ನಾಗಮಂಗಲದಿಂದಲೂ ಇಲ್ಲಿಂದಲೂ ದುಡಿಯಲು ‘ಬಾಂಬೆ’ಗೆ ಹೋದವರು ಬಹಳ. 2020ರ ಮೇ ತಿಂಗಳಲ್ಲಿ ಕೊರೊನಾ ನಡುವೆ ಅವರು ಊರಿಗೆ ಮರಳಿದಾಗಲೇ ಆ ವಲಸೆ ಎಷ್ಟು ದೊಡ್ಡದೆಂದು ಹೊರಗಿನವರಿಗೆ ಕಂಡದ್ದು.

ನಾಲೆ ನೀರಿನ ಭಾಗ್ಯ ಹೆಚ್ಚು ಕಾಣದ ನಾಗಮಂಗಲ ಕಸುಬಿನ ಊರು. 1792ರಲ್ಲಿ ಮರಾಠ ದಂಡು ಊರನ್ನು ಹಾಳುಗೆಡವಿದರೂ ಲೋಹದ ಕೆಲಸ ನಿಲ್ಲಲಿಲ್ಲ. ಇಲ್ಲಿನ ವಿಶ್ವಕರ್ಮ ಶಿಲ್ಪಿಗಳು ಮೇಣದಲ್ಲಿ ಮೂರ್ತಿ ತಿದ್ದಿ, ಮೇಲೆ ಮಣ್ಣು ಮೆತ್ತಿ, ಒಣಗಿಸಿ, ಕಾಯಿಸಿ ಮೇಣ ಹರಿಸಿ, ಖಾಲಿಯಾದ ಜಾಗಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ಅಚ್ಚು ಒಡೆದರೇ ಮೂರ್ತಿ ಹೊರಬರುವುದು, ಆದ್ದರಿಂದ ಒಂದರಂತೆ ಇನ್ನೊಂದಿಲ್ಲ. ಗುಡಿಯವರು ಹೇಳಿ ಮಾಡಿಸುವ ಉತ್ಸವಮೂರ್ತಿಗೆ ಬೋರ್ಡಿನ ಹಂಗಿಲ್ಲ. ಒಂದೂರಿನ ದೇವರನ್ನು ನೋಡಿದ ಪಕ್ಕದೂರಿನವರು ವಿಳಾಸ ಕೇಳಿಕೊಂಡು ಬರುತ್ತಾರೆ. ಹೆದ್ದಾರಿಯ ಹೋಟೆಲ್ ವ್ಯಾಪಾರ ಮಾತ್ರ ಊರೊಳಗೆ ಬರದೆ ಬೆಳ್ಳೂರು ಕ್ರಾಸಿನಲ್ಲೇ ನಿಂತಿತು. ಊರೊಳಗಿನ ಪೇಟೆಯೂ ಪೆಟ್ಟು ತಿಂದಿದೆ: 2024ರ ಸೆಪ್ಟೆಂಬರ್ 11ರ ರಾತ್ರಿ ಗಣೇಶ ಮೆರವಣಿಗೆಯ ವೇಳೆ ನಡೆದ ಗಲಭೆಯಲ್ಲಿ ನಾಗಮಂಗಲದ ಅಂಗಡಿಗಳಿಗೆ ಬೆಂಕಿ ಬಿತ್ತು.

ಪ್ರಚಾರದ ಬಗೆಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ: ತಮಟೆ ಡಂಗುರ, ಗೋಡೆ ಬರಹ, ಟೆಂಟ್ ಸಿನಿಮಾದ ಸ್ಲೈಡು, ಆಟೋಗೆ ಕಟ್ಟಿದ ಮೈಕು, ಫ್ಲೆಕ್ಸ್, ಈಗ ವಾಟ್ಸಾಪ್ ಸ್ಟೇಟಸ್. ಜವಳಿ ಅಂಗಡಿಯ ಹೆಸರು ಹೊತ್ತ ಕೈಚೀಲ ಹರಿಯುವವರೆಗೂ ಬಸ್ಸಿನಲ್ಲಿ ಓಡಾಡುತ್ತದೆ. ಮಂಡ್ಯಕ್ಕೇ ಒಗ್ಗಿದ ಒಂದು ಮಾಧ್ಯಮ ಪೌರಾಣಿಕ ನಾಟಕದ ಕರಪತ್ರ. ‘ಕುರುಕ್ಷೇತ್ರ’ ಆಡುವ ಹಳ್ಳಿಯವರು ಚಂದಾ ಕೇಳಲು ಪೇಟೆಗೆ ಬರುತ್ತಾರೆ. ಭೀಮ, ದುರ್ಯೋಧನರ ಪಾತ್ರಧಾರಿಗಳ ಕೆಳಗೆ ಗೊಬ್ಬರದಂಗಡಿ, ಶಾಮಿಯಾನದವರ ಹೆಸರು ದಾನಿಗಳಾಗಿ ಅಚ್ಚಾಗುತ್ತದೆ. ಚಂದಾ ಕೊಡದಿದ್ದರೆ ಹಬ್ಬದ ಸಾಮಾನಿಗೆ ಆ ಊರು ಬೇರೆ ಅಂಗಡಿ ನೋಡೀತೆಂಬ ಅಳುಕೂ ಇದೆ.

ಬಂಡವಾಳ ಹೊಂದಿಸುವುದು ಚೀಟಿ, ಕೈಸಾಲ, ಸಹಕಾರ ಸಂಘಗಳಿಂದ. 2000ದ ನಂತರ ಸ್ತ್ರೀಶಕ್ತಿ ಗುಂಪುಗಳಿಂದಲೂ, ಮೈಕ್ರೋಫೈನಾನ್ಸ್ ಕಂಪನಿಗಳಿಂದಲೂ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ಮಿತಿಮೀರಿದಾಗ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಶ್ರೀರಂಗಪಟ್ಟಣವನ್ನು ಬಳಸಿ ಹೋಗುತ್ತದೆ. ಹಳೆ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ ಕಾಫಿ ಕುಡಿಯುತ್ತಿದ್ದವರು ಈಗ ಊರನ್ನೇ ನೋಡುವುದಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಬಂದ ‘ಶಕ್ತಿ’ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ನಿಮಿಷಾಂಬೆಗೆ ಭಕ್ತರನ್ನು ಇಳಿಸುವ ಆ ಬಸ್ಸೇ, ಪಾಂಡವಪುರದ ಗೃಹಿಣಿಯನ್ನು ಸೀರೆ–ಒಡವೆಗೆ ಟಿಕೆಟ್ ಖರ್ಚಿಲ್ಲದೆ ಮೈಸೂರಿಗೂ ಮುಟ್ಟಿಸುತ್ತದೆ.