ಹೆಸರಿಲ್ಲದ ಸಮಾಧಿಗೂ ಒಂದು ಬಾವುಟ



ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ಅಂದು ಬಲಿಪೂಜೆ ಮುಗಿಸಿ ನಾವೆಲ್ಲರೂ ಸ್ಮಶಾನಕ್ಕೆ ಹೋಗುತ್ತೇವೆ. ನಮ್ಮವರ ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತೇವೆ. ಪಕ್ಕದಲ್ಲೇ ಹುಲ್ಲು ಬೆಳೆದ, ಯಾರೂ ಬಾರದ ಸಮಾಧಿಗಳಿರುತ್ತವೆ. ಅವುಗಳನ್ನು ದಾಟಿಕೊಂಡು ಮನೆಗೆ ಮರಳುತ್ತೇವೆ. ಅಂಥ ಸಮಾಧಿಗಳನ್ನು ಮರೆಯದವರ ಚರಿತ್ರೆಯೊಂದು ಅಮೆರಿಕದಲ್ಲಿದೆ.

ಗುಲಾಮಗಿರಿಯ ಪ್ರಶ್ನೆಯಿಂದ ಹೊತ್ತಿಕೊಂಡ ಅಲ್ಲಿನ ಅಂತರ್ಯುದ್ಧ 1861ರಿಂದ 1865ರವರೆಗೆ ನಡೆಯಿತು. ಚಾರ್ಲ್ಸ್‌ಟನ್ ನಗರದ ಕುದುರೆ ಪಂದ್ಯದ ಮೈದಾನವನ್ನು ದಕ್ಷಿಣದವರು ಸೆರೆಮನೆ ಮಾಡಿಕೊಂಡಿದ್ದರು. ಅಲ್ಲಿ ಸತ್ತ ಉತ್ತರದ 257 ಸೈನಿಕರನ್ನು ಅವಸರದಲ್ಲಿ ಹೂಳಲಾಗಿತ್ತು. ಯುದ್ಧ ಮುಗಿಯುತ್ತಲೇ, ಆಗತಾನೇ ಬಿಡುಗಡೆಯಾಗಿದ್ದ ಕಪ್ಪು ಜನರು ಆ ದೇಹಗಳನ್ನು ತೆಗೆದು ಒಂದೊಂದಕ್ಕೂ ಸಮಾಧಿ ಮಾಡಿ, ಸುತ್ತಲೂ ಬೇಲಿ ಕಟ್ಟಿದರು. 1865ರ ಮೇ 1ರಂದು ಶಾಲಾಮಕ್ಕಳು ಗುಲಾಬಿ ಹೂಗಳನ್ನು ಹಿಡಿದು ಮುಂದೆ ನಡೆದರು. ಆ ಸೈನಿಕರು ಅವರ ಬಂಧುಗಳಲ್ಲ. ತಮ್ಮ ಬಿಡುಗಡೆಗಾಗಿ ಸತ್ತವರು ಎಂಬ ಋಣವೊಂದೇ ಇದ್ದದ್ದು.

1868ರಲ್ಲಿ ಮಾಜಿ ಸೈನಿಕರ ಸಂಘದ ಮುಖ್ಯಸ್ಥ ಜನರಲ್ ಜಾನ್ ಲೋಗನ್, ಮೇ 30ರಂದು ದೇಶದೆಲ್ಲೆಡೆ ಯೋಧರ ಸಮಾಧಿಗಳನ್ನು ಹೂಗಳಿಂದ ಅಲಂಕರಿಸಬೇಕೆಂದು ಕರೆಕೊಟ್ಟರು. ಅದೇ ಇಂದಿನ 'ಮೆಮೋರಿಯಲ್ ಡೇ'. 1971ರಿಂದ ಅದನ್ನು ಮೇ ತಿಂಗಳ ಕೊನೆಯ ಸೋಮವಾರ ಆಚರಿಸುತ್ತಾರೆ. ಹೂವಿನ ಜೊತೆಗೆ ಪುಟ್ಟ ಬಾವುಟವೂ ಬಂತು. ಆರ್ಲಿಂಗ್ಟನ್ ಸ್ಮಶಾನದಲ್ಲಿ ಸೈನಿಕರು ಸಮಾಧಿಕಲ್ಲಿನ ಮುಂದೆ ಒಂದು ಬೂಟಿನ ಉದ್ದ ಅಳೆದು, ಎರಡೂವರೆ ಲಕ್ಷಕ್ಕೂ ಹೆಚ್ಚು ಬಾವುಟಗಳನ್ನು ನೆಡುತ್ತಾರೆ. ಬೇರೆ ಊರುಗಳಲ್ಲಿ ಸ್ಕೌಟ್ ಮಕ್ಕಳೂ ಕುಟುಂಬಗಳೂ ಸ್ವಂತ ಇಚ್ಛೆಯಿಂದ ಬಂದು ಈ ಕೆಲಸ ಮಾಡುತ್ತಾರೆ.

ಹವಾಯಿ ರಾಜ್ಯದ ಹೊನೊಲುಲುವಿನಲ್ಲಿರುವ ಸೈನಿಕ ಸ್ಮಶಾನದಲ್ಲೂ ಸ್ಕೌಟ್ ಮಕ್ಕಳು ಸಮಾಧಿಗಳಿಗೆ ಬಾವುಟವನ್ನೂ ಹೂಮಾಲೆಯನ್ನೂ ಇಡುತ್ತಾರೆ. ಅಲ್ಲಿ ಕೊರಿಯಾ ಯುದ್ಧದಲ್ಲಿ ಮಡಿದ, ಗುರುತು ಸಿಗದ ನೂರಾರು ಮಂದಿಯ ಸಮಾಧಿಗಳಿದ್ದವು. ಅವುಗಳಲ್ಲೊಂದು ಕಥೋಲಿಕ ಗುರು ಎಮಿಲ್ ಕಪಾನ್ ಅವರದು. 1950ರ ನವೆಂಬರಿನಲ್ಲಿ ಶತ್ರುಗಳು ಸುತ್ತುವರಿದಾಗ ಅವರು ಓಡಿಹೋಗದೆ ಗಾಯಾಳುಗಳ ಬಳಿ ಉಳಿದು ಸೆರೆಯಾದರು. ಶಿಬಿರದಲ್ಲಿ ಹಸಿದವರಿಗೆ ಉಣಿಸಿ, ರೋಗಿಗಳನ್ನು ತೊಳೆದು, ಎಲ್ಲರೊಂದಿಗೆ ಪ್ರಾರ್ಥಿಸಿ, 1951ರ ಮೇ 23ರಂದು ಅಲ್ಲೇ ತೀರಿಕೊಂಡರು. ಅವರ ಅವಶೇಷಗಳನ್ನು ಗುರುತಿಸಿದ್ದು 2021ರಲ್ಲಿ. 2025ರಲ್ಲಿ ಧರ್ಮಸಭೆ ಅವರನ್ನು 'ಪೂಜ್ಯರು' ಎಂದು ಘೋಷಿಸಿತು. ಅಷ್ಟು ವರ್ಷ ಆ ಸಮಾಧಿಗಳಿಗೆ ಹೂಮಾಲೆ ಇಟ್ಟ ಮಕ್ಕಳಿಗೆ ಅಲ್ಲಿ ಯಾರು ಮಲಗಿದ್ದಾರೆಂದು ತಿಳಿದಿರಲಿಲ್ಲ. ದೇವರಿಗೆ ತಿಳಿದಿತ್ತು!

ಪ್ರಿಯರೇ, ಬಾವುಟ ಗೌರವ ಸೂಚಿಸುತ್ತದೆ. ಆತ್ಮಕ್ಕೆ ಬೇಕಾದದ್ದು ಪ್ರಾರ್ಥನೆ. ಯೂದ ಮಕ್ಕಬಿಯನು ರಣರಂಗದಲ್ಲಿ ಬಿದ್ದ ತನ್ನ ಸೈನಿಕರ ಉಡುಪಿನಲ್ಲಿ ವಿಗ್ರಹಗಳ ತಾಯಿತಗಳನ್ನು ಕಂಡನು. ಆದರೂ ಅವರನ್ನು ಕೈಬಿಡಲಿಲ್ಲ. ಎರಡು ಸಾವಿರ ಬೆಳ್ಳಿ ನಾಣ್ಯ ಕೂಡಿಸಿ, ಅವರ ಪಾಪಕ್ಷಮೆಯ ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದನು (2 ಮಕ್ಕಬಿಯ 12). ಮೃತರು ಒಳ್ಳೆಯವರೇ, ನಮ್ಮವರೇ ಎಂದು ವಿಚಾರಿಸಿ ಪ್ರಾರ್ಥಿಸುವುದು ನಮ್ಮ ವಿಶ್ವಾಸವಲ್ಲ.

ಆದ್ದರಿಂದ ಈ ನವೆಂಬರಿನಲ್ಲಿ ಪ್ರತಿಯೊಂದು ಕುಟುಂಬವೂ ಒಂದು ಮೇಣದಬತ್ತಿ ಹೆಚ್ಚಿಗೆ ಕೊಂಡೊಯ್ಯಲಿ. ಯಾರೂ ಬಾರದ ಒಂದು ಸಮಾಧಿಯ ಹುಲ್ಲನ್ನು ಮಕ್ಕಳ ಕೈಯಿಂದಲೇ ಕೀಳಿಸಿ, ದೀಪ ಹಚ್ಚಿಸಿ, ಒಂದು 'ಪರಲೋಕ ಮಂತ್ರ' ಹೇಳಿಸಿ. ನಾಳೆ ನಮ್ಮ ಸಮಾಧಿಗೂ ಬರುವವರಿಲ್ಲದ ಕಾಲ ಬರಬಹುದು. ಆಗ ಯಾರದೋ ಮನೆಯ ಮಗು ನಮಗಾಗಿ ಮೊಣಕಾಲೂರಲಿ.